ಮೆಂಟರ್ ಆಗಿರುವ ಉಪನ್ಯಾಸಕಿ ವಿದ್ಯಾರ್ಥಿಯ ಮಾತನ್ನು ಎಲ್ಲಿಯವರೆಗೆ ಗುಟ್ಟಾಗಿ ಇಡಬಹುದು?

ಪ್ರಶ್ನೆ: ಅತಿಥಿ ಉಪನ್ಯಾಸಕಿ, ಧಾರವಾಡ

ಧಾರವಾಡದ ಕಾಲೇಜೊಂದರಲ್ಲಿ ಸ್ನಾತಕೋತ್ತರ ತರಗತಿಗಳಿಗೆ ಪಾಠ ಮಾಡುವ ಅತಿಥಿ ಉಪನ್ಯಾಸಕಿ ನಾನು. ನಮ್ಮಲ್ಲಿ ಈಚೆಗೆ ಮೆಂಟರ್ ವ್ಯವಸ್ಥೆಯನ್ನು ಬಿಗಿಗೊಳಿಸಿದ್ದಾರೆ. ಪ್ರತಿಯೊಬ್ಬ ಉಪನ್ಯಾಸಕರಿಗೂ ಒಂದಷ್ಟು ವಿದ್ಯಾರ್ಥಿಗಳನ್ನು ಹಂಚಿಕೊಟ್ಟಿದ್ದು, ತಿಂಗಳಿಗೊಮ್ಮೆ ಅವರನ್ನು ಒಬ್ಬೊಬ್ಬರಾಗಿ ಕರೆದು ಮಾತನಾಡಿಸಿ, ಹಾಜರಾತಿ, ಆಂತರಿಕ ಅಂಕಗಳು ಮತ್ತು ‘ವೈಯಕ್ತಿಕ ತೊಂದರೆಗಳಿದ್ದಲ್ಲಿ’ ಎಂಬ ಮೂರು ಕಾಲಮ್ಮುಗಳನ್ನು ತುಂಬಿ, ವಿದ್ಯಾರ್ಥಿಯ ಸಹಿ ಪಡೆದು ವಿಭಾಗದ ಮುಖ್ಯಸ್ಥರಿಗೆ ಒಪ್ಪಿಸಬೇಕು. ಮೂರನೆಯ ಕಾಲಮ್ಮಿನಲ್ಲಿ ಎಲ್ಲರೂ ‘ಇಲ್ಲ’ ಎಂದೇ ಬರೆಯುತ್ತಾರೆ.

ಮೊನ್ನೆ ಹಾಗೆಯೇ ‘ಇಲ್ಲ’ ಎಂದು ಬರೆದು ಸಹಿ ಹಾಕಿದ ಹುಡುಗನೊಬ್ಬ ಹೊರಗೆ ಹೋಗದೆ ಮೇಜಿನ ಪಕ್ಕ ನಿಂತೇ ಇದ್ದ. ಕೂರಲು ಹೇಳಿದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ: ಹಾವೇರಿ ಜಿಲ್ಲೆಯ ಹಳ್ಳಿಯವನು, ಒಕ್ಕಲುತನದ ಮನೆ, ಕುಟುಂಬದಲ್ಲಿ ಪದವಿ ಮುಗಿಸಿದವರಲ್ಲಿ ಅವನೇ ಮೊದಲಿಗ. ‘ನಿದ್ದಿ ಬರವಲ್ದ್ರಿ ಮೇಡಮ್, ಓದಾಕ ಕುಂತ್ರ ಒಂದ್ ಸಾಲೂ ತಲಿಯೊಳಗ ಇಳಿಯೂದಿಲ್ಲ’ ಎಂದ. ಎರಡು ಆಂತರಿಕ ಪರೀಕ್ಷೆಗಳನ್ನು ಬರೆದಿಲ್ಲ, ಖಾನಾವಳಿಗೆ ದಿನಕ್ಕೆ ಒಂದೇ ಹೊತ್ತು ಹೋಗುತ್ತಾನೆ, ಊರಿಗೆ ಹೋಗುವುದನ್ನು ಬಿಟ್ಟಿದ್ದಾನೆ. ಕೊನೆಗೆ ‘ನಾ ಇದ್ದೂ ಏನ್ ಉಪಯೋಗ ಐತಿ’ ಎಂಬ ಮಾತೂ ಬಂತು. ಹೊರಡುವಾಗ ‘ಮನಿಗೆ ಮಾತ್ರ ತಿಳಿಸಬ್ಯಾಡ್ರಿ’ ಎಂದು ಕೈಮುಗಿದ. ಆಗಲಿ ಎಂದೆ.

ವಿಭಾಗದ ಮುಖ್ಯಸ್ಥರಿಗೆ ಹೆಸರು ಹೇಳದೆ ವಿಷಯವನ್ನಷ್ಟೇ ತಿಳಿಸಿದಾಗ, ‘ತಂದೆಯನ್ನು ಕರೆಸಿ, ಹುಡುಗನನ್ನು ಕಳಿಸಿಬಿಡಿ, ನಾಳೆ ಹೆಚ್ಚುಕಡಿಮೆಯಾದರೆ ಉತ್ತರ ಕೊಡುವವರು ಯಾರು’ ಎಂದರು. ನಮ್ಮಲ್ಲಿ ಆಪ್ತಸಮಾಲೋಚನಾ ಕೇಂದ್ರವೆಂಬ ಫಲಕ ಇರುವ ಒಂದು ಕೋಣೆ ಇದೆ. ಸದ್ಯ ಅಲ್ಲಿ ಕ್ರೀಡಾ ವಿಭಾಗದ ಸಾಮಾನುಗಳಿವೆ. ಆಪ್ತಸಮಾಲೋಚಕರ ಹುದ್ದೆ ಇಲ್ಲ. ನಾನು ಪಾಠ ಮಾಡುವುದನ್ನು ಕಲಿತವಳೇ ಹೊರತು ಇದನ್ನು ಕಲಿತವಳಲ್ಲ. ಅವನಿಗೆ ಕೊಟ್ಟ ಮಾತಿಗೆ ನಾನು ಎಷ್ಟರಮಟ್ಟಿಗೆ ಬದ್ಧಳು, ಮನೆಯವರಿಗೆ ತಿಳಿಸಲೇಬೇಕೆ, ಧಾರವಾಡದಲ್ಲಿ ಅವನನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಹುಬ್ಬಳ್ಳಿ

‘ಇದ್ದೂ ಏನ್ ಉಪಯೋಗ’ ಎಂಬ ಮಾತನ್ನು ಮೊದಲು ಎತ್ತಿಕೊಳ್ಳಬೇಕು. ಹಾಜರಾತಿ, ಮುಖ್ಯಸ್ಥರು, ಮನೆ ಎಲ್ಲವೂ ಆಮೇಲೆ. ದಯವಿಟ್ಟು ಮುಂದಿನ ಮೆಂಟರ್ ಸಭೆಯವರೆಗೆ ಕಾಯದೆ ಇಂದೇ ಅವನನ್ನು ಕರೆದು, ಬಾಗಿಲು ಮುಂದೆ ಮಾಡಿ, ನೇರವಾಗಿಯೇ ಕೇಳಿರಿ: ‘ಜೀವಾ ಕಳಕೋಬೇಕು ಅನ್ನೂ ವಿಚಾರ ಬರ್ತೈತೇನಪಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಹಾಕಿದಂತಾಗುತ್ತದೆ ಎಂದು ಬಹಳಷ್ಟು ಶಿಕ್ಷಕರು ಹೆದರುತ್ತಾರೆ. ಅದು ಹಾಗಲ್ಲವೆಂಬುದು ಈ ಕ್ಷೇತ್ರದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಒಬ್ಬರಾದರೂ ಕೇಳಿದರಲ್ಲ ಎಂದು ಹುಡುಗರು ಹಗುರಾಗುವುದನ್ನು ನಾನು ಕೆಲಸದಲ್ಲಿ ನಿತ್ಯ ಕಾಣುತ್ತೇನೆ. ಸುತ್ತಿ ಬಳಸಿ ‘ಅಂಥದ್ದೇನೂ ಇಲ್ಲ ತಾನೆ’ ಎಂದು ಕೇಳಬೇಡಿ, ಏಕೆಂದರೆ ಆ ಪ್ರಶ್ನೆಗೆ ‘ಇಲ್ರಿ’ ಎಂಬ ಒಂದೇ ಉತ್ತರ ಬರುತ್ತದೆ.

ಹೌದು ಎಂದರೆ ಗಾಬರಿಯನ್ನು ತೋರಿಸದೆ ಇನ್ನೂ ಮೂರು ಸಂಗತಿಗಳನ್ನು ತಿಳಿದುಕೊಳ್ಳಿ: ಹೇಗೆ, ಯಾವಾಗ ಎಂದು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಾನೆಯೇ, ಹಿಂದೆ ಎಂದಾದರೂ ಯತ್ನಿಸಿದ್ದನೇ, ಖೋಲಿಯಲ್ಲಿ ಒಬ್ಬನೇ ಇರುತ್ತಾನೆಯೇ. ಗೊತ್ತುಮಾಡಿಕೊಂಡಿದ್ದರೆ ಅದು ತುರ್ತುಸ್ಥಿತಿ. ಆಗ ಅವನನ್ನು ಒಬ್ಬನನ್ನೇ ಬಿಡದೆ, ನಂಬಿಕೆಯ ಗೆಳೆಯನೊಬ್ಬನನ್ನು ಜೊತೆಗಿಟ್ಟು, ಅದೇ ದಿನ ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ) ಅಥವಾ ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು. ವಾಹನ ಸಿಗದಿದ್ದರೆ 108 ಇದೆ. ಬರೀ ಯೋಚನೆ ಬಂದು ಹೋಗುತ್ತಿದ್ದು ಉದ್ದೇಶವಿಲ್ಲದಿದ್ದರೆ ಒಂದೆರಡು ದಿನಗಳೊಳಗೆ ಹೊರರೋಗಿ ವಿಭಾಗಕ್ಕೆ ಹೋದರೂ ನಡೆಯುತ್ತದೆ, ಆದರೆ ‘ಪರೀಕ್ಷೆ ಮುಗಿಯಲಿ’ ಎಂದು ಮುಂದೂಡುವುದು ಬೇಡ.

ನೀವು ಕೊಟ್ಟ ಮಾತಿನ ಪ್ರಶ್ನೆ ಅಷ್ಟು ಬಿಕ್ಕಟ್ಟಿನದಲ್ಲ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ 2017ರ 23ನೆಯ ಕಲಮು ಚಿಕಿತ್ಸೆ ಪಡೆಯುವವರ ವಿವರಗಳನ್ನು ಗೋಪ್ಯವಾಗಿಡಬೇಕೆಂದು ಹೇಳುತ್ತದೆ, ಅದರ ಜೊತೆಗೇ ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳನ್ನು ಹೊರತುಪಡಿಸುತ್ತದೆ. ಆ ಕಲಮು ನಮ್ಮಂಥ ವೃತ್ತಿಯವರನ್ನು ಕಟ್ಟುವಂಥದ್ದು, ನಿಮ್ಮನ್ನಲ್ಲ. ಆದರೂ ಅದೇ ಅಳತೆಯನ್ನು ನೀವೂ ಹಿಡಿದರೆ ದಾರಿ ತಪ್ಪುವುದಿಲ್ಲ. ಅವನಿಗೆ ಹೀಗೆ ಹೇಳಬಹುದು: ‘ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ. ನಿನ್ನ ಜೀವಕ್ಕೆ ಅಪಾಯವಿದೆ ಎಂದು ಕಂಡರೆ ಮಾತ್ರ ಇನ್ನೊಬ್ಬರಿಗೆ ಹೇಳುತ್ತೇನೆ, ಅದನ್ನೂ ನಿನಗೆ ತಿಳಿಸಿಯೇ ಹೇಳುತ್ತೇನೆ.’ ಈ ಎರಡನೆಯ ವಾಕ್ಯವನ್ನು ಮುಂಚೆಯೇ ಆಡಿರಬೇಕು. ಗುಟ್ಟನ್ನು ಕಾಯುತ್ತೇನೆಂದು ಹೇಳಿ, ಅವನ ಬೆನ್ನ ಹಿಂದೆ ಮನೆಗೆ ಫೋನ್ ಮಾಡಿದರೆ ಅವನು ಮತ್ತೆ ಯಾವ ಶಿಕ್ಷಕರ ಮುಂದೆಯೂ ಬಾಯಿ ಬಿಡುವುದಿಲ್ಲ.

ಹದಿನೆಂಟು ತುಂಬಿದ್ದರೆ ಅವನು ವಯಸ್ಕ. ಹೊರರೋಗಿ ವಿಭಾಗದಲ್ಲಿ ತೋರಿಸಿಕೊಳ್ಳಲು ತಂದೆಯ ಸಹಿ ಬೇಕಾಗಿಲ್ಲ. ಪಿಯು ಮಕ್ಕಳ ವಿಷಯ ಬೇರೆ, ಅಲ್ಲಿ ಪಾಲಕರು ಇರಲೇಬೇಕು.

ಎಲ್ಲಿಗೆ ಎಂಬುದಕ್ಕೆ: ಬೆಳಗಾವಿ ರಸ್ತೆಯ ಡಿಮ್ಹಾನ್ಸ್ ನಿಮಗೆ ಹತ್ತಿರ. ಊರಿನ ಜನ ಅದನ್ನು ಇನ್ನೂ ಹಳೆಯ ಹೆಸರಿನಿಂದಲೇ ಕರೆಯುವುದರಿಂದ ಹುಡುಗರು ಆ ಗೇಟಿನೊಳಗೆ ಕಾಲಿಡಲು ಹಿಂಜರಿಯುತ್ತಾರೆ; ಹಾಗಿದ್ದರೆ ಕಿಮ್ಸ್‌ನ ಅಥವಾ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಲಿ, ಅಲ್ಲಿ ಎಲ್ಲ ಕಾಯಿಲೆಯವರ ನಡುವೆ ಇವನೂ ಒಬ್ಬ. ಬೋಧನಾ ಆಸ್ಪತ್ರೆಗಳಲ್ಲಿ ಮೊದಲ ಭೇಟಿಯ ದಿನ ಕಿರಿಯ ವೈದ್ಯರೊಬ್ಬರು ಊಟ, ನಿದ್ದೆ, ಮನೆ, ಓದು ಎಲ್ಲವನ್ನೂ ವಿವರವಾಗಿ ಕೇಳಿ ಬರೆದುಕೊಂಡ ಮೇಲೆ ಹಿರಿಯರು ನೋಡುತ್ತಾರೆ. ಅರ್ಧ ದಿನ ಹಿಡಿಯುತ್ತದೆ ಎಂದು ಅವನಿಗೆ ಮೊದಲೇ ಹೇಳಿ ಕಳಿಸಿ, ಇಲ್ಲದಿದ್ದರೆ ಸಾಲಿನಿಂದ ಎದ್ದು ಬರುತ್ತಾನೆ.

ಅಲ್ಲಿಯವರೆಗೆ 14416 ಇದೆ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಮೊದಲು ತರಬೇತಾದ ಆಪ್ತಸಮಾಲೋಚಕರು ಮಾತನಾಡಿಸಿ, ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಚೀಟಿ ಕಿಸೆಯಲ್ಲೇ ಉಳಿಯುತ್ತದೆ. ನಿಮ್ಮ ಎದುರಿಗೇ ಕರೆ ಹಚ್ಚಿಸಿ, ಆ ಕಡೆಯವರು ಎತ್ತಿದ ಮೇಲೆ ನೀವು ಎದ್ದು ಹೊರಗೆ ಬನ್ನಿ.

ಉತ್ತರ: ಹಳೆಯ ವಿದ್ಯಾರ್ಥಿ, ಗದಗ

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಖಿನ್ನತೆಗೆ ಚಿಕಿತ್ಸೆ ಪಡೆದವನು. ಇಂದು ಗದಗಿನಲ್ಲಿ ಕೆಲಸದಲ್ಲಿದ್ದೇನೆ. ಮೇಲಿನವರು ಹೇಳಿದ್ದಕ್ಕೆ ಎದುರಾಡುವುದೇನೂ ಇಲ್ಲ. ಹುಡುಗನ ಕಡೆಯಿಂದ ಕಾಣುವ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ.

ಅವನು ಮನೆಗೆ ತಿಳಿಸಬೇಡಿ ಎಂದಿದ್ದು ಅಪ್ಪನ ಮೇಲಿನ ಸಿಟ್ಟಿನಿಂದ ಇರಲಾರದು. ಸಪ್ತಾಪುರ, ಜಯನಗರದ ಖೋಲಿಗಳಲ್ಲಿ ಇರುವ ನಮ್ಮಂಥವರ ಲೆಕ್ಕ ಬೇರೆಯೇ ಇರುತ್ತದೆ. ಖೋಲಿ ಬಾಡಿಗೆ, ಖಾನಾವಳಿ, ಪರೀಕ್ಷಾ ಶುಲ್ಕ ಎಲ್ಲವೂ ಊರಿನಲ್ಲಿ ಯಾವ ಮಾಲು ಮಾರಿ ಬಂದ ರೊಕ್ಕ ಎಂಬುದು ನಮಗೆ ಗೊತ್ತಿರುತ್ತದೆ. ಓಣಿಯ ತುಂಬ ನೇಮಕಾತಿ ಪರೀಕ್ಷೆಗೆ ಓದುವವರು; ಯಾರದೋ ಹೆಸರು ಆಯ್ಕೆಪಟ್ಟಿಯಲ್ಲಿ ಬಂತೆಂದು ತರಬೇತಿ ಕೇಂದ್ರದವರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿರುತ್ತಾರೆ, ಊರಿನವರು ಫೋನ್ ಮಾಡಿ ‘ನಿಂದ್ಯಾವಾಗ’ ಎಂದು ಕೇಳುತ್ತಾರೆ. ಇಂಥ ಹೊತ್ತಿನಲ್ಲಿ ಕಾಲೇಜಿನಿಂದ ಅಪ್ಪನಿಗೆ ಫೋನ್ ಹೋಗಿದ್ದರೆ ನಾನು ಅಂದೇ ಗಂಟುಮೂಟೆ ಕಟ್ಟಿ ಓದು ಬಿಟ್ಟಿರುತ್ತಿದ್ದೆ.

ಆಸ್ಪತ್ರೆಯಲ್ಲಿ ನನ್ನನ್ನು ಮಾತನಾಡಿಸಿದ ಆಪ್ತಸಮಾಲೋಚಕರು ಮನೆಗೆ ಹೇಳಲೇ ಎಂದು ಕೇಳಲಿಲ್ಲ. ‘ನಿಮ್ಮ ಮಂದಿಯೊಳಗ, ಇದನ್ನ ಕೇಳಿದ ಕೂಡಲೇ ಬಯ್ಯಲಾರದಂಥವರು ಯಾರು?’ ಎಂದು ಕೇಳಿದರು. ಬಹಳ ಹೊತ್ತು ಯೋಚಿಸಿ ಸೋದರಮಾವನ ಹೆಸರು ಹೇಳಿದೆ. ಅವರ ಎದುರಿಗೇ ಮಾವನಿಗೆ ನಾನೇ ಫೋನ್ ಮಾಡಿದೆ. ‘ಮದ್ಲ ಆರಾಮಾಗು, ಪರೀಕ್ಷಾ ಮುಂದಿನ ಸಲನೂ ಇರ್ತೈತಿ’ ಎಂದರು. ಅಪ್ಪ-ಅವ್ವನಿಗೆ ಯಾವಾಗ, ಎಷ್ಟು ಹೇಳಬೇಕೆಂಬುದನ್ನು ಆಮೇಲೆ ಮಾವನೇ ನೋಡಿಕೊಂಡರು. ಹಾಗಾಗಿ ಮೇಡಮ್, ತಿಳಿಸಬೇಕೆ ಬೇಡವೇ ಎಂದು ತೂಗುವುದಕ್ಕಿಂತ ಯಾರಿಗೆ ತಿಳಿಸಬಹುದು ಎಂದು ಅವನನ್ನೇ ಕೇಳಿ ನೋಡಿ. ಅಕ್ಕ, ಭಾವ, ಕಾಕಾ, ಊರಿನ ಹಳೆಯ ಮಾಸ್ತರರು, ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಗುಳಿಗೆಯ ಬಗ್ಗೆ ಖೋಲಿಗಳಲ್ಲಿ ಓಡಾಡುವ ಮಾತುಗಳು ಬಹಳ. ನನ್ನ ಖೋಲಿಯವರು ಚೀಟಿ ನೋಡಿ ‘ಇದು ನಿದ್ದಿ ಗುಳಗಿ, ಹತ್ತಿತಂದ್ರ ಬಿಡೂದಿಲ್ಲ’ ಎಂದು ತೀರ್ಪು ಕೊಟ್ಟಿದ್ದರು. ನನಗೆ ಬರೆದುಕೊಟ್ಟಿದ್ದ ಎಸ್ಸಿಟಾಲೊಪ್ರಾಮ್ ನಿದ್ದೆಯ ಗುಳಿಗೆಯೂ ಅಲ್ಲ, ಚಟ ಹತ್ತಿಸುವಂಥದ್ದೂ ಅಲ್ಲ. ಆದರೆ ಮೊದಲ ದಿನಗಳಲ್ಲಿ ಹೊಟ್ಟೆ ತೊಳೆಸುತ್ತದೆ, ಗುಣವೇನೂ ಕಾಣಿಸುವುದಿಲ್ಲ. ಗುಣ ಕಾಣಲು ವಾರಗಳೇ ಬೇಕು. ಬಹಳಷ್ಟು ಹುಡುಗರು ಬಿಡುವುದು ಈ ನಡುವಿನ ಅವಧಿಯಲ್ಲೇ. ನಿಮ್ಮ ಹುಡುಗನಿಗೆ ಔಷಧಿ ಕೊಟ್ಟರೆ, ಆ ವಾರಗಳಲ್ಲಿ ಎದುರು ಸಿಕ್ಕಾಗ ‘ಗುಳಗಿ ತಗೊಂಡ್ಯಾ’ ಎಂದಷ್ಟೇ ಕೇಳುವವರು ಒಬ್ಬರು ಬೇಕು. ಎಲ್ಲರಿಗೂ ಗುಳಿಗೆ ಬೇಕೆಂದೂ ಇಲ್ಲ. ಮಾತಿನ ಚಿಕಿತ್ಸೆಯಿಂದಲೇ ಚೇತರಿಸಿಕೊಂಡ ಗೆಳತಿಯೊಬ್ಬಳು ನಮ್ಮ ವಿಭಾಗದಲ್ಲೇ ಇದ್ದಳು.

ಉತ್ತರ: ಪಾಲಕ, ರೋಣ ತಾಲ್ಲೂಕು

ಎಲ್ಲರೂ ತಂದೆಯನ್ನು ದೂರ ಇಡುವ ಮಾತನ್ನೇ ಆಡುತ್ತಿರುವುದರಿಂದ, ತಂದೆಯಾದವನು ಒಂದು ಮಾತು ಹೇಳಬೇಕಾಗಿದೆ.

ನನ್ನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಅವನು ತಿಂಗಳುಗಟ್ಟಲೆ ತರಗತಿಗೆ ಹೋಗದಿರುವುದು ಕಾಲೇಜಿಗೆ ಗೊತ್ತಿತ್ತು, ಗೆಳೆಯರಿಗೆ ಗೊತ್ತಿತ್ತು, ಹಾಸ್ಟೆಲಿನವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವರು ನಾವು ಮಾತ್ರ. ಕೊನೆಗೆ ಒಂದು ರಾತ್ರಿ ವಾರ್ಡನ್ ಫೋನ್ ಮಾಡಿ ‘ನಿಮ್ಮ ಹುಡುಗನ ತಲಿ ಸರಿ ಇಲ್ಲ, ಬಂದು ಕರ್ಕೊಂಡ್ ಹೋಗ್ರಿ’ ಎಂದು ಇಟ್ಟುಬಿಟ್ಟರು. ಏನಾಗಿದೆ, ಎಲ್ಲಿಗೆ ತೋರಿಸಬೇಕು, ಅವನ ಓದು ಏನಾಗುತ್ತದೆ, ಒಂದೂ ಹೇಳಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ನನ್ನ ಮನೆಯಾಕೆ ಒಂದು ಮಾತೂ ಆಡಲಿಲ್ಲ.

ಆದ್ದರಿಂದ ಪಾಲಕರಿಗೆ ತಿಳಿಸಬೇಡಿ ಎಂಬುದನ್ನು ನಾನು ಒಪ್ಪುವುದಿಲ್ಲ, ಹೀಗೆ ತಿಳಿಸಬೇಡಿ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆ ಹುಡುಗ ಸಮ್ಮತಿಸಿದ ಮೇಲೆ ನೀವು ತಂದೆಯೊಡನೆ ಮಾತನಾಡುವಿರಾದರೆ, ದಯವಿಟ್ಟು ಕಾಯಿಲೆಯ ಹೆಸರಿನಿಂದ ಆರಂಭಿಸಬೇಡಿ. ನಮ್ಮ ಕಡೆಯವರಿಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸೊರಗಿದ್ದಾನೆ ಎಂದರೆ ತಿಳಿಯುತ್ತದೆ, ಮರುಕವೂ ಹುಟ್ಟುತ್ತದೆ. ಮಾನಸಿಕ ಎಂದ ಕೂಡಲೇ ಮದುವೆ, ಮನೆತನ, ಊರಿನ ಬಾಯಿ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ. ಹುಡುಗ ಒಳ್ಳೆಯವನು, ದುಡಿಯುವವನು, ವೈದ್ಯರಿಗೆ ತೋರಿಸಿದ್ದೇವೆ, ವಾಸಿಯಾಗುತ್ತದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಅವನಿಗೆ ಬಯ್ಯಬೇಡಿ ಎಂಬುದನ್ನು ಬಿಡಿಸಿಯೇ ಹೇಳಿ, ನಾವು ತಿಳಿದುಕೊಳ್ಳುತ್ತೇವೆಂದು ಬಿಟ್ಟುಬಿಡಬೇಡಿ.

ಇನ್ನೊಂದು ಮಾತು. ಊರಿಗೆ ಬಂದರೆ ಬಂಧುಗಳು ಸುಮ್ಮನಿರುವುದಿಲ್ಲ, ದೇವರನ್ನು ಕೇಳಿಸೋಣ, ಅಂತ್ರ ಕಟ್ಟಿಸೋಣ ಎನ್ನುತ್ತಾರೆ. ನಾವು ಗುಡಿಗೂ ಹೋದೆವು, ದರ್ಗಾಕ್ಕೂ ಹೋದೆವು, ಗದಗಿನ ದವಾಖಾನೆಗೂ ತಪ್ಪದೆ ಹೋದೆವು. ಗುಳಿಗೆ ನಿಲ್ಲಿಸದಿದ್ದರೆ ಸಾಕು, ಉಳಿದದ್ದು ಮುದುಕರ ಸಮಾಧಾನಕ್ಕೆ ಇರಲಿ ಎಂದು ಅಲ್ಲಿನ ವೈದ್ಯರೇ ಹೇಳಿದ್ದರು. ಮಗ ಒಂದು ವರ್ಷ ತಡವಾಗಿ ಪದವಿ ಮುಗಿಸಿದ.

ಉತ್ತರ: ನಿವೃತ್ತ ಪ್ರಾಂಶುಪಾಲ, ಧಾರವಾಡ

ಇಲ್ಲಿಯವರೆಗಿನ ಉತ್ತರಗಳು ಆ ಹುಡುಗನ ಬಗ್ಗೆ ಇವೆ. ನಾನು ಕಾಲೇಜಿನ ಬಗ್ಗೆ ಹೇಳುತ್ತೇನೆ. ಆಪ್ತಸಮಾಲೋಚಕರಿಲ್ಲದ ಸಂಸ್ಥೆಯು ಆ ಹೊಣೆಯನ್ನು ಮೆಂಟರ್ ಎಂಬ ಹೆಸರಿನಲ್ಲಿ ಅತಿಥಿ ಉಪನ್ಯಾಸಕರ ಹೆಗಲಿಗೆ ಏರಿಸುವುದು ಸರಿಯಲ್ಲ, ಈಗ ಅದು ನ್ಯಾಯಾಲಯದ ದೃಷ್ಟಿಯಿಂದಲೂ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟು ಮಾರ್ಚ್ 2025ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು. ಅದೇ ವರ್ಷದ ಜುಲೈ 25ರಂದು ಸುಕದೇಬ್ ಸಾಹಾ ಪ್ರಕರಣದಲ್ಲಿ, ಕಾನೂನು ಬರುವವರೆಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳೂ ಪಾಲಿಸಬೇಕಾದ ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ವಿಧಿವತ್ತಾದ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಿಸಬೇಕು. ಟೆಲಿ-ಮಾನಸ್‌ನಂಥ ಸಹಾಯವಾಣಿಗಳ ನಂಬರುಗಳನ್ನು ಹಾಸ್ಟೆಲು, ತರಗತಿ ಮತ್ತು ಎಲ್ಲರಿಗೂ ಕಾಣುವ ಜಾಗಗಳಲ್ಲಿ ಬರೆಸಬೇಕು ಎಂಬುವು ಅವುಗಳಲ್ಲಿ ಸೇರಿವೆ.

ಇದನ್ನು ಮುಂದಿಟ್ಟು ಪ್ರಾಂಶುಪಾಲರಿಗೆ ಪತ್ರ ಹೋಗಬೇಕು, ಆದರೆ ನಿಮ್ಮೊಬ್ಬರ ಹೆಸರಿನಲ್ಲಿ ಬೇಡ. ಪ್ರತಿ ವರ್ಷ ಹೊಸದಾಗಿ ಆದೇಶ ಪಡೆಯಬೇಕಾದ ಅತಿಥಿ ಉಪನ್ಯಾಸಕರ ಸ್ಥಿತಿ ನನಗೆ ಗೊತ್ತಿದೆ. ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದ ಸಂಚಾಲಕರ ಮೂಲಕ, ಮೆಂಟರುಗಳೆಲ್ಲರ ಪರವಾಗಿ ಕೊಡಿಸಿ. ಕಾಯಂ ಹುದ್ದೆ ಮಂಜೂರಾಗುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಮನಶ್ಶಾಸ್ತ್ರ ಮತ್ತು ಸಮಾಜಕಾರ್ಯ ವಿಭಾಗಗಳು ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇವೆ, ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿ ಡಿಮ್ಹಾನ್ಸ್‌ನಲ್ಲಿ ನಡೆಯುತ್ತದೆ. ವಾರಕ್ಕೆ ಎರಡು ಮಧ್ಯಾಹ್ನ ಅರ್ಹರೊಬ್ಬರು ಬಂದು ಕೂರುವಂತೆ ಒಪ್ಪಂದ ಮಾಡಿಕೊಳ್ಳುವುದು ಈ ಊರಿನಲ್ಲಿ ಕಷ್ಟವಾಗಬಾರದು. ಅದರ ಬದಲು ಸಭಾಂಗಣ ತುಂಬಿಸಿ ಪ್ರೇರಣಾ ಭಾಷಣ ಏರ್ಪಡಿಸಿ, ಫೋಟೋ ತೆಗೆಸಿ ಕಡತಕ್ಕೆ ಸೇರಿಸುವ ಪರಿಪಾಠವನ್ನು ನಾನು ಬಹಳ ವರ್ಷ ನೋಡಿದ್ದೇನೆ. ಮಲಗಿದರೆ ನಿದ್ದೆ ಬಾರದ ಹುಡುಗನಿಗೆ ‘ಸಾಧಿಸುವ ಛಲ ಬೇಕು’ ಎಂದು ಮೈಕಿನಲ್ಲಿ ಹೇಳುವುದರಿಂದ ಅವನಿಗೆ ತನ್ನ ಮೇಲಿನ ಅಸಹ್ಯ ಇನ್ನಷ್ಟು ಹೆಚ್ಚುತ್ತದೆ, ಅಷ್ಟೇ.

ರಿಜಿಸ್ಟರಿನಲ್ಲಿ ಅವನು ನಿಮ್ಮೊಡನೆ ಆಡಿದ ಒಂದು ಮಾತನ್ನೂ ಬರೆಯಬೇಡಿ. ಅದು ಮುಖ್ಯಸ್ಥರು, ಗುಮಾಸ್ತರು, ತಪಾಸಣಾ ತಂಡದವರು ಎಲ್ಲರ ಕೈಗೂ ಹೋಗುವ ಪುಸ್ತಕ. ‘ಮಾತನಾಡಿಸಲಾಗಿದೆ, ಮುಂದಿನ ಭೇಟಿ ಇದೆ’ ಎಂದಿದ್ದರೆ ಸಾಕು. ಹಾಜರಾತಿಗಾಗಿ ವೈದ್ಯರ ಪ್ರಮಾಣಪತ್ರ ಕೊಡಬೇಕಾಗಿ ಬಂದರೆ, ಎಷ್ಟು ದಿನ ವಿಶ್ರಾಂತಿ ಬೇಕೆಂಬುದನ್ನಷ್ಟೇ ಬರೆದುಕೊಡಲು ವೈದ್ಯರನ್ನು ಕೇಳಿಕೊಳ್ಳಬಹುದು. ತಪ್ಪಿದ ಆಂತರಿಕ ಪರೀಕ್ಷೆಗಳಿಗೆ ಇನ್ನೊಂದು ಅವಕಾಶವನ್ನು ಅವನಿಂದ ಲಿಖಿತವಾಗಿಯೇ ಕೇಳಿಸಿ. ಬಾಯಿಮಾತಿನ ಭರವಸೆಗಳು ಸೆಮಿಸ್ಟರಿನ ಕೊನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಚಿಕಿತ್ಸೆ ಪಡೆದರೆ ಸರ್ಕಾರಿ ನೌಕರಿಗೆ ಅಡ್ಡಿಯಾಗುತ್ತದೆ, ಪೊಲೀಸ್ ಕೇಸಾಗುತ್ತದೆ ಎಂಬ ಎರಡು ಭಯಗಳು ಧಾರವಾಡದ ಹುಡುಗರಲ್ಲಿ ಗಟ್ಟಿಯಾಗಿ ಬೇರೂರಿವೆ. ಹೊರರೋಗಿ ವಿಭಾಗದ ದಾಖಲೆ ಯಾವ ನೇಮಕಾತಿ ಪ್ರಾಧಿಕಾರಕ್ಕೂ ತಾನಾಗಿ ಹೋಗುವುದಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು 2017ರ ಅಧಿನಿಯಮದ 115ನೆಯ ಕಲಮು ಹೇಳುತ್ತದೆ. ಜುಲೈ 1, 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮಿನಂಥ ಸಾಮಾನ್ಯ ಅಪರಾಧವೇ ಇಲ್ಲ.

ಮತ್ತೆ: ಅತಿಥಿ ಉಪನ್ಯಾಸಕಿ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಅವನನ್ನು ಕರೆದು ನೇರವಾಗಿಯೇ ಕೇಳಿದೆ. ಯೋಚನೆ ಬರುತ್ತದೆ, ಆದರೆ ಏನನ್ನೂ ಗೊತ್ತುಮಾಡಿಕೊಂಡಿಲ್ಲ, ಹಿಂದೆಯೂ ಯತ್ನಿಸಿಲ್ಲ ಎಂದ. 14416ಕ್ಕೆ ನನ್ನ ಕೋಣೆಯಿಂದಲೇ ಕರೆ ಮಾಡಿ ಬಹಳ ಹೊತ್ತು ಮಾತನಾಡಿದ. ಮರುದಿನ ಖೋಲಿಯ ಗೆಳೆಯನ ಜೊತೆ ಆಸ್ಪತ್ರೆಗೆ ಹೋಗಿ ಬಂದಿದ್ದಾನೆ. ಔಷಧಿ ಕೊಟ್ಟಿದ್ದಾರೆ, ಎರಡು ವಾರ ಬಿಟ್ಟು ಮತ್ತೆ ಕರೆದಿದ್ದಾರೆ. ಯಾರಿಗೆ ಹೇಳಬಹುದು ಎಂದು ಕೇಳಿದ್ದಕ್ಕೆ ತಕ್ಷಣ ಅಕ್ಕನ ಹೆಸರು ಹೇಳಿದ, ತಾನೇ ಫೋನ್ ಮಾಡುತ್ತೇನೆಂದ. ಅಕ್ಕ ಈಗ ಅವನನ್ನು ಕೆಲವು ದಿನ ಊರಿಗೆ ಕರೆಸಿಕೊಳ್ಳಬೇಕೆಂದಿದ್ದಾಳೆ. ಇಂಥ ಸ್ಥಿತಿಯಲ್ಲಿ ಕಳಿಸಬಹುದೇ? ಔಷಧಿ ಶುರುವಾದ ಮೇಲೆ ನಾನು ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಹುಬ್ಬಳ್ಳಿ

ಕಳಿಸಬಹುದು, ಆದರೆ ಒಬ್ಬನನ್ನೇ ಬಸ್ಸು ಹತ್ತಿಸಬೇಡಿ. ಅಕ್ಕನಾಗಲಿ ಭಾವನಾಗಲಿ ಬಂದು ಕರೆದುಕೊಂಡು ಹೋಗಲಿ. ಒಕ್ಕಲುತನದ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಕೈಗೆ ಸಿಗುವಂತಿರುತ್ತದೆ. ಅವನು ಬರುವ ಮೊದಲೇ ಅದನ್ನು ಮನೆಯಿಂದ ಹೊರಗೆ, ಬೀಗವಿರುವ ಜಾಗಕ್ಕೆ ಸಾಗಿಸಿ ಕೀಲಿಯನ್ನು ದೊಡ್ಡವರು ಇಟ್ಟುಕೊಳ್ಳುವಂತೆ ಅಕ್ಕನಿಗೆ ಹೇಳಿ. ಸಂಕೋಚ ಬೇಡ, ನಾವು ಎಲ್ಲ ಕುಟುಂಬಗಳಿಗೂ ಹೇಳುತ್ತೇವೆ. ಅವನ ಗುಳಿಗೆಗಳೂ ಅಕ್ಕನ ಬಳಿಯೇ ಇರಲಿ.

ಇಪ್ಪತ್ತೈದರೊಳಗಿನವರಲ್ಲಿ ಕೆಲವರಿಗೆ ಖಿನ್ನತೆಯ ಔಷಧಿ ಶುರುವಾದ ಮೊದಲ ವಾರಗಳಲ್ಲಿ ಚಡಪಡಿಕೆ, ಸಿಡುಕು ಹೆಚ್ಚಾಗಿ, ಸಾಯುವ ಯೋಚನೆಗಳೂ ಹೆಚ್ಚಬಹುದು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೂ ಅಕ್ಕನಿಗೆ ತಿಳಿದಿರಬೇಕು. ಹಾಗೆ ಕಂಡರೆ ಎರಡು ವಾರದ ತಾರೀಖಿಗೆ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಧಾರವಾಡಕ್ಕೇ ಬರಬೇಕೆಂದಿಲ್ಲ, ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ, ತಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಫೋನ್ ಮಾಡಿ ಕೇಳಿಕೊಳ್ಳಲಿ. ಆಸ್ಪತ್ರೆಯ ಚೀಟಿಯ ಫೋಟೋ ಅಕ್ಕನ ಮೊಬೈಲಿನಲ್ಲಿ ಇದ್ದರೆ ಯಾವ ವೈದ್ಯರಾದರೂ ಅಲ್ಲಿಂದ ಮುಂದುವರಿಸುತ್ತಾರೆ.

ಮೂರು ನಾಲ್ಕು ವಾರಗಳಲ್ಲಿ ನಿದ್ದೆ, ಊಟ ಸರಿಹೋದಂತೆ ‘ಇನ್ನ ಆರಾಮ ಅದೀನಿ’ ಎಂದು ಗುಳಿಗೆ ನಿಲ್ಲಿಸಲು ಹೊರಡುತ್ತಾನೆ. ಗುಣ ಕಂಡ ಮೇಲೂ ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ಮುಂದುವರಿಸುವುದು ವಾಡಿಕೆ, ಬಿಡುವಾಗಲೂ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಓದಿನ ವಿಷಯವನ್ನು ಎರಡನೆಯ ಭೇಟಿ ಆದ ಮೇಲೆ ಎತ್ತಿ. ಈ ಸೆಮಿಸ್ಟರಿನ ಎಲ್ಲ ಪತ್ರಿಕೆಗಳನ್ನೂ ಬರೆಯಬೇಕೇ, ಎರಡನ್ನು ಮುಂದಕ್ಕೆ ಬಿಡಬೇಕೇ ಎಂಬುದನ್ನು ಆಗ ಅವನು, ನೀವು ಮತ್ತು ಅವನ ವೈದ್ಯರು ಸೇರಿ ತೀರ್ಮಾನಿಸಬಹುದು.